ಕೆಂಪು ದೀಪದ ಹಾಜರಿ

ಶರಣು, ಗೌರಿ, ಇಬ್ಬರೂ ಕೂತು ಓದಿ. ನಿಮ್ಮ ಆಯಿ ಬಾಯಿಂದ ಹೇಳಲಾರದ್ದನ್ನು ಕೈಯಿಂದ ಬರೆಯುವವಳು. ಕೆಲವರಿಗೆ ಮಾತು ನಾಲಿಗೆಯ ತುದಿಯಲ್ಲೇ ಇರುತ್ತದೆ. ನನ್ನದು ಹೊಟ್ಟೆಯಲ್ಲಿ ಹುಟ್ಟಿ, ಗಂಟಲಿನವರೆಗೆ ಬಂದು, ಹೊರಗೆ ಯಾರೋ ಹಿರಿಯರು ಕೂತಿದ್ದಾರೆಂದು ನಾಚಿ ಒಳಗೇ ಹೋಗಿಬಿಡುತ್ತದೆ. ಹಾಗೆ ಒಳಗೆ ಹೋದ ಮಾತುಗಳಲ್ಲಿ ಒಂದು ಹೋದ ವಾರ ನಮ್ಮ ಕೋಟನೂರ ಮನೆಯ ಅಂಗಳದಲ್ಲಿ ಮತ್ತೆ ಎದ್ದು ಬಂತು.

ಶರಣು ಹೊಸ ಮೋಟರ್ ಸೈಕಲ್ ತಂದು ನಿಲ್ಲಿಸಿದ್ದ. ಮನೆಯವರೆಲ್ಲ ಸುತ್ತ ನಿಂತಿದ್ದರು. ಅವನು ಚಾವಿ ತಿರುಗಿಸಿದ್ದೇ ತಡ, ಮುಂದಿನ ಗಾಜಿನೊಳಗೆ ಕೆಂಪು, ಹಳದಿ, ಹಸಿರು ದೀಪಗಳೆಲ್ಲ ಒಮ್ಮೆಗೇ ಹೊತ್ತಿಕೊಂಡವು. ಮುಳ್ಳು ಕೊನೆಯ ಅಂಕಿಯವರೆಗೆ ಜಿಗಿದು ವಾಪಸ್ಸು ಬಂತು. "ಅಯ್ಯ, ಹೊಸಾ ಗಾಡಿನೇ ಕೆಟ್ಟದಲ್ಲೋ ಅಣ್ಣಾ!" ಎಂದು ಗೌರಿ ಕೂಗಿದಳು. ಶರಣುವಿನ ಮುಖ ಬಾಡಿದ ಬದನೆಕಾಯಿ ಆಯಿತು. ಬಾಗಿಲ ಹಿಂದೆ ನಿಂತಿದ್ದ ನಾನು, ಹೇಗೆ ಬಾಯಿ ಬಂತೋ, "ಹೆದರಬ್ಯಾಡೋ, ಅವು ಹಾಜರಿ ಹೇಳ್ಲಕತ್ತಾವ. ಗಾಡಿ ಚಾಲೂ ಮಾಡು, ಆರತಾವ" ಎಂದೆ. ಮಾಡಿದ, ಹಸಿರೊಂದನ್ನು ಬಿಟ್ಟು ಎಲ್ಲ ಆರಿದವು. "ಆಯೀ, ಸೈಕಲ್ಲಿನ ಗಂಟಿ ಸೈತ ಬಾರಿಸದಾಕಿ ನೀ, ನಿನಗಿದು ಹೆಂಗ ಗೊತ್ತು?" ಎಂದು ಅವನು ಕೇಳಿದ. ಒಲೆಯ ಮೇಲೆ ಹಾಲಿಟ್ಟಿದ್ದೇನೆ, ಉಕ್ಕುತ್ತದೆ ಎಂದು ಒಳಗೆ ಓಡಿದೆ. ಒಲೆಯ ಮೇಲೆ ಹಾಲು ಇರಲಿಲ್ಲ. ಅವನ ಪ್ರಶ್ನೆಗೆ ಉತ್ತರ ಇದು.

ನಿಮ್ಮ ಅಪ್ಪ ಇನ್ನೂ ಚಡ್ಡಿ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದ ಕಾಲ. ನಾವು ಕಮಲಾಪುರದಲ್ಲಿದ್ದೆವು. ನನ್ನ ಯಜಮಾನರು, ನಿಮ್ಮ ಮುತ್ಯಾ, ದಿನಾಲೂ ಕಲಬುರಗಿಯ ಹೈಸ್ಕೂಲಿಗೆ ವಿಜ್ಞಾನ ಕಲಿಸಲು ಹೋಗುತ್ತಿದ್ದರು. ಬಸ್ಸಿನ ಬಾಗಿಲಿಗೆ ಜೋತುಬಿದ್ದು ಸಾಕಾಗಿ ಒಂದು ಮೋಟರ್ ಸೈಕಲ್ ತಂದರು. ಅದರಲ್ಲಿ ಪೆಟ್ರೋಲಿಗೊಂದು ಟಾಕಿ, ಎಂಜಿನ್ನಿನ ಎಣ್ಣೆಗೆ ಬೇರೆಯೇ ಒಂದು ಸಣ್ಣ ಟಾಕಿ. ಜೊತೆಗೊಂದು ಇಂಗ್ಲಿಷ್ ಪುಸ್ತಕ. ಮುತ್ಯಾ ಆ ಪುಸ್ತಕವನ್ನು ಶ್ರಾವಣದಲ್ಲಿ ಪುರಾಣ ಹೇಳುವಂತೆ ಒಂದು ತಿಂಗಳು ಹೇಳಿದರು. ರೊಟ್ಟಿ ಬಡಿಯುತ್ತ ಕೇಳಿದ ಭಕ್ತಳು ನಾನೊಬ್ಬಳೇ.

"ನೋಡು, ಹಸರು ದೀಪ ಅಂದ್ರ ಗೇರ್ ಬಿದ್ದಿಲ್ಲ. ನೀಲಿ ಅಂದ್ರ ಮುಂದಿನ ಲೈಟ್ ಎತ್ತರಕ್ಕ ಅದ. ಕೆಂಪು ಎಣ್ಣಿದು. ಚಾವಿ ತಿರುವಿದ ಕೂಡ್ಲೆ ಹತ್ತಬೇಕು, ಗಾಡಿ ಹೊಂಟ ಕೂಡ್ಲೆ ಆರಬೇಕು. ಆರಲಿಲ್ಲಂದ್ರ ಎಣ್ಣಿ ತೀರ್‍ಯಾದ ಅಂತ ತಿಳಿ."

"ಎಣ್ಣಿ ತುಂಬಿದ್ರೂ ಮೊದಲಿಗೆ ಯಾಕ ಹತ್ತತದರಿ?"

"ಹಾಜರಿ ಹೇಳ್ತದ. ನಾ ಇದ್ದೀನಿ ಸಾರ್, ಸತ್ತಿಲ್ಲ ಅಂತದ. ಹಾಜರಿ ಹೇಳಿದ ಹುಡುಗಂದು ಚಿಂತಿಲ್ಲ. ಹೇಳದಂವನ ಮನಿಗೆ ಹೋಗಿ ವಿಚಾರಿಸಬೇಕು."

ಈ ಮಾತು ನನಗೆ ತಾಗಿತು. ನಮ್ಮೂರ ಶಾಲೆಯಲ್ಲಿ ಮಾಸ್ತರರು "ನೀಲಮ್ಮ" ಎಂದು ಕೂಗಿದಾಗ ನನ್ನ ತುಟಿ ಅಲುಗುತ್ತಿತ್ತು, ದನಿ ಬರುತ್ತಿರಲಿಲ್ಲ. ಅವರು ತಲೆ ಎತ್ತದೆ ಗೈರುಹಾಜರಿ ಬರೆದು ಮುಂದೆ ಹೋಗುತ್ತಿದ್ದರು. ಮುಂದಿನ ಸಾಲಿನಲ್ಲೇ ಕೂತು ಇಡೀ ವರ್ಷ ಗೈರುಹಾಜರಾದ ಹುಡುಗಿ ನಾನು. ಏಳನೇ ಇಯತ್ತೆ ಪಾಸಾದಾಗ ಮಾಸ್ತರರು, ಶಾಲೆಗೇ ಬಾರದೆ ಇಷ್ಟು ಅಂಕ ತೆಗೆದವಳು ಎಂದು ನನ್ನನ್ನು ಊರಿಗೆಲ್ಲ ಹೊಗಳಿದರು.

ಇರಲಿ, ಗಾಡಿಯ ವಿಷಯ. ಸೋಮವಾರ ಸೋಮವಾರ ಗಾಡಿ ತೊಳೆದು ಪೂಜೆ ಮಾಡುವ ಕೆಲಸ ನನ್ನದು. ದೊಡ್ಡ ದೀಪಕ್ಕೆ ಮೂರು ಬೆರಳ ವಿಭೂತಿ ಎಳೆಯುತ್ತಿದ್ದೆ. ಅದರ ಮೇಲೆ ಮೀಟರಿನ ಎರಡು ದುಂಡನೆಯ ಗಾಜು, ಥೇಟು ಎರಡು ಕಣ್ಣು. ಅವುಗಳ ನಡುವೆ ಕುಂಕುಮದ ಬೊಟ್ಟಿನಷ್ಟೇ ಅಗಲದ ಕೆಂಪು ದೀಪ. ಅದು ಎಣ್ಣೆಯದೆಂದು ನನಗೆ ಗೊತ್ತಿತ್ತು. ಆದರೆ ದೇವರ ಮುಂದಿನ ದೀಪದ ಸಮೆಗೂ ಕುಂಕುಮ ಹಚ್ಚುತ್ತೇವಲ್ಲ, ದೀಪಕ್ಕೆ ಹಚ್ಚಬಾರದೆಂದು ಮುತ್ಯಾನ ಇಂಗ್ಲಿಷ್ ಪುರಾಣದಲ್ಲೂ ಬಂದಿರಲಿಲ್ಲ. ಗಾಳಿಗೆ ಹಾರಬಾರದೆಂದು ಎಣ್ಣೆಯಲ್ಲಿ ಕಲೆಸಿ ಒತ್ತಿ ಹಚ್ಚಿದೆ. ಹಚ್ಚಿದ ಕುಂಕುಮ ಅಳಿಸಬಾರದು. ಆದ್ದರಿಂದ ತೊಳೆಯುವಾಗ ಅದೊಂದನ್ನು ಬಿಟ್ಟು ತೊಳೆದು, ಮುಂದಿನ ಸೋಮವಾರ ಅದರ ಮೇಲೇ ಇನ್ನೊಂದು ಬೊಟ್ಟು ಇಟ್ಟೆ. ದೀಪಾವಳಿ ದಾಟುವ ಹೊತ್ತಿಗೆ ಗಾಡಿಯ ಹಣೆಯ ಮೇಲೆ ಹುಣಸೆ ಬೀಜದಷ್ಟು ದಪ್ಪ ಕುಂಕುಮ ಗಟ್ಟಿಯಾಗಿ ಕೂತಿತ್ತು. ಓಣಿಯಲ್ಲಿ ಅಷ್ಟು ಲಕ್ಷಣವಾದ ಗಾಡಿ ಇನ್ನೊಂದಿರಲಿಲ್ಲ.

ಮುತ್ಯಾ ನೋಡಲಿಲ್ಲವೇ ಎಂದು ಕೇಳಬಹುದು. ಹೊಸತರಲ್ಲಿ ದಿನಾ ದೀಪಗಳ ಹಾಜರಿ ತೆಗೆದುಕೊಳ್ಳುತ್ತಿದ್ದರು. ಆಮೇಲೆ ಎಲ್ಲ ಮಾಸ್ತರರ ಹಾಗೆ, ತರಗತಿಯ ಕಡೆ ನೋಡದೆಯೇ ರಿಜಿಸ್ಟರಿನಲ್ಲಿ ಗೀಟು ಎಳೆಯುವುದು ರೂಢಿಯಾಯಿತು.

ಆ ಚಳಿಗಾಲದಲ್ಲಿ ನನಗೆ ಅಂಗನವಾಡಿ ಕೆಲಸದ ಸಂದರ್ಶನಕ್ಕೆ ಕಾಗದ ಬಂತು. ಕಲಬುರಗಿಯ ಜಗತ್ ಸರ್ಕಲ್ ಹತ್ತಿರದ ಒಂದು ಆಫೀಸಿಗೆ ಹನ್ನೊಂದು ಗಂಟೆಗೆ ಬರಬೇಕು. ಸಣ್ಣ ಮಕ್ಕಳ ಮುಂದೆ ನನಗೆ ನಾಚಿಕೆಯಿಲ್ಲ, ಆದ್ದರಿಂದ ಆ ಕೆಲಸದ ಮೇಲೆ ಭಾಳ ಆಸೆಯಿತ್ತು. ಇಸ್ತ್ರಿ ಮಾಡಿದ ಸೀರೆ ಉಟ್ಟು ಅಂಗಳಕ್ಕೆ ಬಂದೆ. ಮುತ್ಯಾ ಚಾವಿ ತಿರುಗಿಸಿದರು. ಹಸಿರು ಹೊತ್ತಿತು. ಕೆಂಪು ಹೊತ್ತಲಿಲ್ಲ. ಹಾಜರಿ ಹೇಳದವನು! ಮಾತು ಗಂಟಲಿಗೆ ಬಂತು. ಅಷ್ಟರಲ್ಲಿ ಕಟ್ಟೆಯ ಮೇಲೆ ಕೂತಿದ್ದ ನಮ್ಮ ಮಾವನವರು ಕೆಮ್ಮಿದರು. ಮಾವನ ಎದುರು ಸೊಸೆ ಗಂಡನ ಜೊತೆ ಮಾತಾಡುವ ಪದ್ಧತಿ ನಮ್ಮಲ್ಲಿರಲಿಲ್ಲ. ಸೆರಗು ಎಳೆದುಕೊಂಡು ಹಿಂದೆ ಹತ್ತಿ ಕೂತೆ. ಊರು ದಾಟಿದ ಮೇಲೆ ಮಾವನವರೇನೋ ಇರಲಿಲ್ಲ. ಆದರೆ ಆಗ ಹೊಳೆಯಿತು, ದೀಪದ ಬಾಯಿ ಮುಚ್ಚಿದವಳು ನಾನೇ ಎಂದು. ಅದನ್ನು ಹೇಳುವ ನಾಚಿಕೆ ಬೇರೆ ತರಹದ್ದು.

ಅರ್ಧ ದಾರಿಯಲ್ಲಿ ಎಂಜಿನ್ನು ಕಿರ್ರ್ ಎಂದು ಹಿಂದಿನ ಗಾಲಿಯನ್ನು ಹಿಡಿದು ನಿಲ್ಲಿಸಿಬಿಟ್ಟಿತು. ಮುತ್ಯಾ ಎರಡೂ ಕಾಲು ಊರಿ ಉಳಿಸಿಕೊಂಡರು. ಇಳಿದವರೇ, "ಆ ಉಸ್ಮಾನ್ ಮಿಸ್ತ್ರಿ ಖರಾಬ್ ಎಣ್ಣಿ ಹಾಕ್ಯಾನ!" ಎಂದರು. ಉಸ್ಮಾನ್ ಮಿಸ್ತ್ರಿ ಎಂದರೆ ಸ್ಟೇಶನ್ ಬಜಾರದಲ್ಲಿ ಗಾಡಿ ರಿಪೇರಿ ಮಾಡುತ್ತಿದ್ದವರು. ನಮ್ಮ ಗಾಡಿಯನ್ನು ಮೊದಲ ದಿನದಿಂದ ನೋಡಿಕೊಂಡವರೂ ಅವರೇ. ಕಮಲಾಪುರದ ಕೆಂಪು ಬಾಳೆಹಣ್ಣು ತುಂಬಿಕೊಂಡು ಬಂದ ಟೆಂಪೋ ಒಂದು ನಿಂತಿತು. "ಏನ್ರಿ ಮಾಸ್ತರ, ನಿಮ್ಮ ಗಾಡಿ ಭೀ ಹಣ್ಣಾಯ್ತೇನು?" ಎಂದು ಡ್ರೈವರ್ ನಗುತ್ತ ಗಾಡಿಯನ್ನು ಗೊನೆಗಳ ನಡುವೆ ಮಲಗಿಸಿದ.

ಮಿಸ್ತ್ರಿಯ ಅಂಗಡಿ ಮುಟ್ಟಿದಾಗ ಹತ್ತೂವರೆ. ಮುತ್ಯಾ ಬಜಾರದ ಮಂದಿಯೆಲ್ಲ ತಿರುಗಿ ನೋಡುವಂತೆ ಬೈದರು. ಮಿಸ್ತ್ರಿ ಎಣ್ಣೆಯ ಟಾಕಿ ತೆರೆದು ನೋಡಿದರು, ಒಣ ಬಾವಿ. ಆಮೇಲೆ ಉಗುರಿನಿಂದ ಗಾಡಿಯ ಹಣೆಯನ್ನು ಕೆರೆದರು. ಕುಂಕುಮ ಚಕ್ಕೆಯಾಗಿ ಬಿತ್ತು. ಚಾವಿ ತಿರುಗಿಸಿದರು. ಒಳಗಿನಿಂದ ದೀಪ ಕೆಂಪಗೆ ಹೊತ್ತಿ ನನ್ನನ್ನೇ ನೋಡಿತು. ಮಿಸ್ತ್ರಿ ಕೂಡ ನನ್ನ ಕಡೆ ನೋಡಿದರು. ನಾನು ನನ್ನ ಕಾಲುಂಗುರ ನೋಡಿದೆ.

"ಗಲತಿ ನಂದೇ ಅದರಿ ಮಾಸ್ತರ ಸಾಬ್," ಎಂದರು ಮಿಸ್ತ್ರಿ. "ಬತ್ತಿ ಮ್ಯಾಲೆ ಕಚರಾ ಕೂತಿತ್ತು. ಸರ್ವಿಸಿಂಗ್‌ದಾಗ ನಾ ಒರಸಬೇಕಿತ್ತು. ನಿಮ್ಮ ಮನಿಯವರಿಗೆ ಟೈಮ್ ಆಗ್ಲಕತ್ತದ, ಆಟೋದಾಗ ಕರಕೊಂಡು ಹೋಗ್ರಿ."

ಆ ಮನುಷ್ಯ ದೇವರ ಕುಂಕುಮವನ್ನು ಕಚರಾ, ಕಸ ಎಂದದ್ದು ನನಗಾಗಿ. ನಾನು ಒಂದು ಮಾತು ಆಡಬೇಕಿತ್ತು. ಆಡಲಿಲ್ಲ.

ಆಟೋ ಹತ್ತಿ ಹೋದೆವು. ಈ ಭಾಗ ಇದುವರೆಗೆ ಯಾರಿಗೂ ಹೇಳಿಲ್ಲ, ನಿಧಾನವಾಗಿ ಓದಿ. ನಾನು ತಡವಾಗಿರಲಿಲ್ಲ. ಆಫೀಸಿನ ಒಳಗಿನ ಗಡಿಯಾರದಲ್ಲಿ ಹನ್ನೊಂದಕ್ಕೆ ಇನ್ನೂ ಐದು ನಿಮಿಷ ಇತ್ತು. ಮುತ್ಯಾ ಹೊರಗೆ ನಿಂತರು, ನಾನು ಒಳಗೆ ಹೋಗಿ ಬೆಂಚಿನ ಮೇಲೆ ಕೂತೆ. ಗುಮಾಸ್ತ ಬಾಗಿಲಿಗೆ ಬಂದು "ನೀಲಮ್ಮ" ಎಂದ. ನನ್ನ ತುಟಿ ಅಲುಗಿತು. "ನೀಲಮ್ಮ ಯಾರ್‍ರಿ? ಬಂದಿಲ್ಲೇನು?" ಎಂದ. ನಾನು ಕಾಲುಂಗುರ ನೋಡುತ್ತ ಕೂತೆ. ಅವನು ಗೀಟು ಎಳೆದು ಮುಂದಿನ ಹೆಸರು ಕರೆದ. ಸ್ವಲ್ಪ ಹೊತ್ತು ಕೂತು ಹೊರಗೆ ಬಂದೆ. "ಏನಾಯ್ತು?" ಎಂದರು ಮುತ್ಯಾ. "ಹೆಸರು ಕರೆದು ಹೋಗಿತ್ತರಿ" ಎಂದೆ. ಗಾಡಿ ಕೆಟ್ಟು ತಡವಾಯಿತೆಂದೇ ಅವರು ತಿಳಿದರು. ಅದು ಸುಳ್ಳಲ್ಲ ಎಂದು ಬಹಳ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ.

ಅಂದಿನಿಂದ ಮುತ್ಯಾ ಮಿಸ್ತ್ರಿಯ ಅಂಗಡಿಯ ಮೆಟ್ಟಿಲು ಹತ್ತಲಿಲ್ಲ. "ಅವನ ಸಲುವಾಗಿ ನಮ್ಮ ಮನಿಯಾಕಿ ನೌಕರಿ ಹೋಯ್ತು" ಎಂದು ಶಾಲೆಯ ಮಾಸ್ತರರಿಗೆಲ್ಲ ಹೇಳಿ, ಅವರ ಗಾಡಿಗಳನ್ನೂ ಬೇರೆ ಕಡೆ ಹಚ್ಚಿದರು. ಮದುವೆಯಲ್ಲಿ, ಮುಂಜಾನೆಯ ಚಹಾದಲ್ಲಿ, ಎಲ್ಲಿ ಗಾಡಿಯ ಮಾತು ಬಂದರೂ ಈ ಕಥೆ ಬರುತ್ತಿತ್ತು. ಚಹಾ ಕೊಡುತ್ತಿದ್ದವಳು ನಾನು. ಪ್ರತಿ ಸಲ ನಿಜ ಮಾತು ಗಂಟಲಿನವರೆಗೆ ಬರುತ್ತಿತ್ತು, ಪ್ರತಿ ಸಲ ಯಾರೋ ಕೆಮ್ಮುತ್ತಿದ್ದರು. ಕೊನೆಗೆ ಮುತ್ಯಾ ಆ ಸಿಟ್ಟನ್ನು ಹಾಗೇ ಇಟ್ಟುಕೊಂಡು ಹೋದರು. ಜೀವನದಲ್ಲಿ ಅವರು ಮಾಡಿದ ಒಂದೇ ಅನ್ಯಾಯ ಅದು. ಅದನ್ನು ಮಾಡಿಸಿದವಳು ಅದೇ ಗಾಡಿಯ ಮೇಲೆ ಅವರ ಬೆನ್ನ ಹಿಂದೆ ಕೂತಿದ್ದಳು.

ಶರಣು, ನಿನ್ನ ಗಾಡಿಯ ಮೊದಲ ಸರ್ವಿಸಿಂಗ್ ಬಂದಾಗ ನನ್ನನ್ನು ಹಿಂದೆ ಕೂರಿಸಿಕೊಂಡು ಸ್ಟೇಶನ್ ಬಜಾರದ ದಾರಿ ಹಿಡಿ. ಮಿಸ್ತ್ರಿ ಈಗ ರಿಪೇರಿಯ ಪಾನಾ ಹಿಡಿಯುವುದಿಲ್ಲವಂತೆ, ಆದರೆ ದಿನಾಲೂ ಬಂದು ಅಂಗಡಿಯ ಬಾಗಿಲಲ್ಲಿ ಕೂರುತ್ತಾರಂತೆ. ಅವರ ಎದುರು ನಿಂತು ನಾನೇ ಎಲ್ಲ ಹೇಳುತ್ತೇನೆ. ಹಾಗಂತ ನಿರ್ಧಾರ ಮಾಡಿದ್ದೇನೆ.

ಆದರೆ ಮಕ್ಕಳೇ, ನನ್ನನ್ನು ನಾನು ಅರವತ್ತು ವರ್ಷದಿಂದ ಬಲ್ಲೆ. ಅಲ್ಲಿ ಹೋದ ಮೇಲೆ ನಾನು ಕಾಲು ನೋಡುತ್ತ ನಿಂತರೆ, ಒಲೆಯ ಮೇಲೆ ಹಾಲಿಟ್ಟಿದ್ದೇನೆ ಎಂದು ಹೇಳಿದರೆ, ಕೇಳಬೇಡಿ. ಈ ಹಾಳೆಗಳನ್ನು ತೆಗೆದು ಅವರ ಮುಂದೆ ಗಟ್ಟಿಯಾಗಿ ಓದಿ. ಓದುವ ಮೊದಲು "ನೀಲಮ್ಮ ಹಾಜರ್" ಎಂದು ನನ್ನ ಪರವಾಗಿ ಹೇಳಿಬಿಡಿ. ಅಲ್ಲಿಯವರೆಗೆ ಇವನ್ನು ಜೋಪಾನವಾಗಿಡಿ. ದೇವರ ಕೋಣೆಯಲ್ಲಿ ಮಾತ್ರ ಇಡಬೇಡಿ. ಅಲ್ಲಿ ಸೋಮವಾರ ಸೋಮವಾರ ಕುಂಕುಮ ಹಚ್ಚುವವಳು ಈಗಲೂ ನಾನೇ.