ಮೂಕಣ್ಣ ಹೂಡಿದ ಭಟ್ಟಿ

ಮೂಕಣ್ಣನಿಗೆ ಬೆಳಿಗ್ಗೆಯೇ ಸಿಟ್ಟು ಬಂದಿತ್ತು. ಸಂಡೂರಿನ ಗಣಿಯಲ್ಲಿ ಅದಿರು ಪರೀಕ್ಷಿಸುವ ಕೋಣೆಯ ಕೆಲಸ ಕಲಿಯುತ್ತಿದ್ದ ಅವನಿಗೆ ಕೆಮಿಸ್ಟ್ ಸಾಹೇಬರು, "ಸವುಳು ನೀರಿನಿಂದ ಶುದ್ಧ ನೀರು ಬೇರೆ ಮಾಡಿ ನಾಳೆ ಒಂದು ಸೀಸೆ ತಾ. ಆಗದಿದ್ದರೆ ಬರಬೇಡ" ಎಂದು ಹೇಳಿ ಕಳಿಸಿದ್ದರು. ಹೊಸಪೇಟೆಯ ತನ್ನ ಹಿತ್ತಲಲ್ಲಿ ಅವನು ಸವುಳು ಮಣ್ಣು ಕದಡಿ ಸೋಸಿದ ನೀರನ್ನು ಮಡಕೆಯಲ್ಲಿ ಕುದಿಸಿ, ಹಬೆಯನ್ನು ಬಿದಿರಿನ ಕೊಳವೆಯಿಂದ ತಣ್ಣನೆಯ ತಂಬಿಗೆಗೆ ಹಾಯಿಸಿದ. ಹೊಸ ಸೊಸೆಯ ಮಾತಿನಂತೆ ಒಂದೊಂದೇ ಹನಿ ಬೀಳುತ್ತಿತ್ತು.

ನೆರೆಮನೆಯ ಹಂಪಕ್ಕ ಗೋಡೆಯ ಮೇಲಿಂದ ಇಣುಕಿದಳು. "ಗಾಳೆಮ್ಮಾ, ನಿನ್ನ ಗಂಡ ಭಟ್ಟಿ ಹೂಡಿ ಸೆರೆ ಕಾಸಾಕ ಹತ್ಯಾನ ನೋಡು."

ಹೆಂಡತಿ ಗಾಳೆಮ್ಮ ಸೌಟು ಹಿಡಿದೇ ಬಂದಳು. "ಕೆಲಸ ಕಲೀತೀನಂತ ಹೋಗಿ ಇದನ್ನೇನ್ರಿ ಕಲ್ತಿದ್ದು?"

"ಬರೇ ನೀರಲೇ ಇದು."

"ನೀರಿನಿಂದ ನೀರು ತೆಗಿಯಾಕ ಇಷ್ಟು ಕಟಿಗಿ ಸುಡಬೇಕೇನ್ರಿ?"

ಮೂಕಣ್ಣ ಸಿಟ್ಟಿನಿಂದ ಒಲೆಗೆ ಇನ್ನೊಂದು ಕಟ್ಟಿಗೆ ತುರುಕಿದ.

ಸಂಜೆಯ ಹೊತ್ತಿಗೆ ಓಣಿಯ ಹಿರಿಯ ಎರ್ರಿಯಪ್ಪ ಅಬಕಾರಿ ಪೇದೆಯನ್ನೇ ಕರೆತಂದ. ಹಿಂದೆ ಅರ್ಧ ಓಣಿ.

"ಒಳ್ಳೆ ಮನಿತನ ಕೆಡಿಸಿದ್ಯಲ್ಲೋ" ಎಂದ ಎರ್ರಿಯಪ್ಪ.

ಪೇದೆ ತಂಬಿಗೆ ಎತ್ತಿ ಗುಟುಕರಿಸಿದ. ಮುಖ ಸಪ್ಪಗಾಯಿತು. "ಬರೇ ನೀರೈತಿ."

ಯಾರೂ ನಂಬಲಿಲ್ಲ. ಎರ್ರಿಯಪ್ಪ ಕುಡಿದ, ಹಂಪಕ್ಕ ಕುಡಿದಳು, ತಂಬಿಗೆ ಕೈಯಿಂದ ಕೈಗೆ ಹೋಗಿ ಬರಿದಾಯಿತು.

"ನನ್ನ ನೌಕರೀನ ಕುಡುದ್ಬಿಟ್ರಲ್ಲ," ಮೂಕಣ್ಣ ಅಬ್ಬರಿಸಿದ. "ಮಡಕಿಯಾಗೂ ನೋಡ್ರಿ. ನೋಡಿ ಹೊರಗ ನಡೀರಿ." ಮಡಕೆಯನ್ನು ಒಲೆಯಿಂದಿಳಿಸಿ ಪೇದೆಯ ಮುಂದೆ ಕುಕ್ಕಿದ.

ಪೇದೆ ಬಗ್ಗಿ ನೋಡಿದ. ನೀರೆಲ್ಲ ಇಂಗಿ ತಳದಲ್ಲಿ ಬೆಳ್ಳಗೆ ಹರಳುಗಟ್ಟಿತ್ತು. ಬೆರಳಿನಿಂದ ಕೆರೆದು ನಾಲಿಗೆಗಿಟ್ಟ. ಮುಖ ಅರಳಿತು.

"ಉಪ್ಪು. ಸರ್ಕಾರದ ಅಪ್ಪಣೆ ಇಲ್ದ ಉಪ್ಪು ತೆಗ್ದೀಯಲ್ಲಪ್ಪ. ನಡಿ ಠಾಣೇಕ."

ದೇಶದ ತುಂಬ ಉಪ್ಪಿನ ಸತ್ಯಾಗ್ರಹದ ಸುದ್ದಿಯಿದ್ದ ಬೇಸಿಗೆ ಅದು. ಗುಂಪು ಮುಂದೆ ನುಗ್ಗಿ ಮಡಕೆಯೊಳಗೆ ಇಣುಕಿತು. ಆಮೇಲೆ ಎರ್ರಿಯಪ್ಪ ಮೂಕಣ್ಣನಿಗೆ ಕೈಮುಗಿದ. ಹಂಪಕ್ಕ ಓಡಿಹೋಗಿ ತನ್ನ ದೇವರ ಪಟದ ಮಾಲೆಯನ್ನೇ ತಂದು ಅವನ ಕೊರಳಿಗೆ ಹಾಕಿದಳು. ಗಾಳೆಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡು ಕುಂಕುಮ ಇಟ್ಟಳು.

"ನಾ ಯಾವ ಸತ್ಯಾಗ್ರಹಾನೂ ಮಾಡಿಲ್ರಲೇ," ಮೂಕಣ್ಣ ಮಾಲೆ ಕಿತ್ತೆಸೆಯುತ್ತ ಕೂಗಿದ. "ನಾಳೆ ನಾ ಸೀಸೆ ಒಯ್ಯಬೇಕು."

"ನೋಡ್ರಿ," ಎಂದ ಎರ್ರಿಯಪ್ಪ, ಗುಂಪಿನ ಕಡೆ ತಿರುಗಿ, "ಪೇದೆ ಕೈ ಹಿಡಿದ್ರೂ ಗುಟ್ಟು ಬಿಟ್ಟುಕೊಡವಲ್ಲ."