ಕಣ್ಣು ಕಟ್ಟಿ ಕೂಡಿಸಿದ ಪಂಕ್ತಿ

ಜನರ ಕಣ್ಣಿಗೆ ಮಣ್ಣೆರಚಿ ರೊಕ್ಕ ಎತ್ತುವವರನ್ನು ನೀವು ಬೇಕಾದಷ್ಟು ಕಂಡಿರುತ್ತೀರಿ. ಆದರೆ ಮೊದಲೇ ಹೇಳಿ, ಟಿಕೆಟ್ ಹರಿದುಕೊಟ್ಟು, ಬಂದವರ ಕಣ್ಣಿಗೆ ಬಟ್ಟೆ ಬಿಗಿದು ರೊಕ್ಕ ಎತ್ತಿದವರನ್ನು ಕಂಡಿದ್ದೀರಾ? ನಾನು ಕಂಡಿದ್ದೇನೆ. ಅವರು ನನ್ನ ಸೋದರತ್ತೆ. ಹೊಸಪೇಟೆಯ ಅವರ ಓಣಿಗೆ ಹೋಗಿ "ಆ ಕಣ್ಣು ಕಟ್ಟೋ ಅಮ್ಮನ ಮನಿ ಯಾವುದ್ರಿ?" ಅಂತ ಕೇಳಿ ನೋಡಿ, ನಿಮ್ಮ ಕೈ ಹಿಡಿದು ಬಾಗಿಲ ತನಕ ಬಿಟ್ಟು ಬರುತ್ತಾರೆ. ಒಳಗೆ ಮಾತ್ರ ಯಾರೂ ಬರುವುದಿಲ್ಲ. ಒಳಗೆ ಹೋದರೆ ಏನಾದರೊಂದು ಕೆಲಸ ಹಚ್ಚುತ್ತಾರೆ ಅನ್ನುವ ಭಯ!

ಅತ್ತೆ ಆಳು ಗಿಡ್ಡ. ದನಿ ಮಾತ್ರ ಡ್ಯಾಮಿನ ಗೇಟು ತೆಗೆಯುವಾಗ ಕೂಗುವ ಸೈರನ್ನಿನಂಥದ್ದು. ತಲೆಗೆ ಒಂದು ವಿಚಾರ ಹೊಕ್ಕಿತೆಂದರೆ ಮುಗಿಯಿತು. ಹಿಂದೊಮ್ಮೆ ಓಣಿಯಲ್ಲಿ ಸೊಳ್ಳೆ ಹೆಚ್ಚಾದಾಗ ಎಲ್ಲರೂ ಅರ್ಜಿ ಬರೆಯೋಣ ಅಂದರು. ಅತ್ತೆ ಅರ್ಜಿ ಬರೆಯಲಿಲ್ಲ. ಸೊಳ್ಳೆಗಳನ್ನು ಉಪ್ಪಿನಕಾಯಿ ಬಾಟಲಿಯಲ್ಲಿ ಹಿಡಿದು, ವಾರ್ಡಿನ ಮೆಂಬರ್ ಮನೆಯ ಹಾಲಿನಲ್ಲಿ ಕೂತು ಮುಚ್ಚಳ ತೆಗೆದರು. "ನಮ್ಮ ಓಣಿ ಮಂದಿ ನಿಮ್ಮನ್ನ ಮಾತಾಡಸಾಕ ಬಂದಾರ್ರಿ" ಅಂದರಂತೆ. ಮರುದಿನವೇ ಓಣಿಗೆ ಹೊಗೆಯಂತ್ರ ಬಂತು!

ಇಂಥ ಅತ್ತೆಯ ಗಂಡ, ನನ್ನ ಮಾವ, ಅಷ್ಟೇ ಮೆತ್ತಗಿನ ಮನುಷ್ಯ. ಸಂಡೂರಿನ ಗಣಿಯೊಂದರಲ್ಲಿ ಅದಿರಿನ ಲಾರಿ ತೂಗುವ ಕೆಲಸದಲ್ಲಿದ್ದು ನಿವೃತ್ತರಾದವರು. ಅವರಿಗಿದ್ದ ಹುಚ್ಚು ಒಂದೇ, ಪಂಕ್ತಿ ಊಟ. ನೆಂಟರಿಷ್ಟರಲ್ಲಿ ಯಾರ ಮದುವೆಯಾದರೂ ಮಾವ ಪಂಕ್ತಿಯ ತುದಿಯಲ್ಲಿ ಟವೆಲ್ ಹೆಗಲಿಗೆ ಹಾಕಿ ನಿಂತುಬಿಡುತ್ತಿದ್ದರು. ಎಲೆಯ ತುದಿ ಉಣ್ಣುವವರ ಎಡಕ್ಕೇ ಇರಬೇಕು, ತುದಿಗೆ ಉಪ್ಪು, ಅದರ ಪಕ್ಕ ಉಪ್ಪಿನಕಾಯಿ, ಆಮೇಲೆ ಕೋಸಂಬರಿ, ಬಲಕ್ಕೆ ಪಲ್ಯ. ಒಂದು ಆಚೀಚೆ ಆದರೂ ಸೈ, ಮೆತ್ತಗಿನ ಮಾವ ಗುಡುಗುತ್ತಿದ್ದರು. ಬಡಿಸುವವರು ಮದುಮಗನ ಅಪ್ಪನಿಗಿಂತ ಇವರಿಗೇ ಹೆಚ್ಚು ಹೆದರುತ್ತಿದ್ದರು.

ಆಮೇಲೆ ಮಾವನ ಕಣ್ಣು ಹೋದವು. ಗ್ಲಾಕೋಮಾ ಅಂದರು ಡಾಕ್ಟರು. ಕಣ್ಣಿನೊಳಗಿನ ಒತ್ತಡ ನೋವಿಲ್ಲದೆ, ಸದ್ದಿಲ್ಲದೆ ಏರಿ ದೃಷ್ಟಿಯನ್ನು ಅಂಚಿನಿಂದ ತಿನ್ನುತ್ತಾ ಬಂದಿತ್ತು. ಮೊದಲೇ ತೋರಿಸಿದ್ದರೆ ಉಳಿಯುತ್ತಿತ್ತಂತೆ. ಮಾವ ಅದನ್ನೂ ತಡೆದುಕೊಂಡರು. ತಡೆಯಲಾಗದೆ ಹೋದದ್ದು ಕಂಪ್ಲಿಯ ಒಂದು ಮದುವೆ. ಪಂಕ್ತಿಯಲ್ಲಿ ಅವರ ಕೈ ತಪ್ಪಿ ಪಕ್ಕದವರ ಎಲೆಯ ಹುಗ್ಗಿಗೆ ಹೋಯಿತು. ಪಕ್ಕದವರು ಒಳ್ಳೆಯವರೇ, ಬೈಯಲಿಲ್ಲ. "ಪಾಪ, ಇವರಿಗೆ ಕಣ್ಣು ಕಾಣಂಗಿಲ್ಲ, ಯಾರಾರ ಉಣಸ್ರಪಾ" ಅಂತ ಇಡೀ ಪಂಕ್ತಿಗೆ ಕೇಳುವಂತೆ ಕೂಗಿದರು. ಮಾವ ಅರ್ಧ ಎಲೆಯಲ್ಲಿ ಎದ್ದು ಕೈ ತೊಳೆದುಕೊಂಡರು. ಅಂದಿನಿಂದ ಯಾರ ಎದುರೂ ಉಣ್ಣಲಿಲ್ಲ. ನಾನು ಮನೆಗೆ ಹೋದರೂ ಅಷ್ಟೇ, ತಟ್ಟೆ ಹಿಡಿದು ಅಡುಗೆಮನೆಯ ಗೋಡೆಗೆ ಮುಖ ಮಾಡಿ ಕೂತುಬಿಡುತ್ತಿದ್ದರು.

ಅತ್ತೆ ಸುಮ್ಮನಿರುವವರೇ? ಒಂದು ದಿನ ಫೋನು ಬಂತು.

"ಲೇ, ಊರ ಮಂದೀನೆಲ್ಲಾ ಕಣ್ಣು ಕಟ್ಟಿ ಊಟಕ್ಕ ಕುಂದ್ರಸ್ತೀನಿ. ಟಿಕೆಟ್ ಇಡ್ತೀನಿ. ಬಂದ ರೊಕ್ಕ ಕುರುಡು ಮಕ್ಕಳ ಶಾಲಿಗೆ. ಬಾಗಲದಾಗ ಡಾಕ್ಟರ್ ಕುಂತಿರ್ತಾರ, ಕಣ್ಣು ತೋರಿಸಿದವರಿಗೇ ಊಟ."

"ಮಾವ ಬರ್ತಾರೇನು ಅತ್ತಿ?"

ಅತ್ತೆ ಫೋನಿನಲ್ಲೇ ಗದರಿದರು.

"ಅವರು ಬರಲಿ ಅಂತನ ಅಲ್ಲೇನಲೇ ಇದೆಲ್ಲಾ? ಯಾರಿಗೂ ಕಾಣಸಲಿಲ್ಲ ಅಂದರ ಇವರನ್ನ ನೋಡಾವ್ರು ಯಾರಿರ್ತಾರ?"

ಒಬ್ಬ ಗಂಡ ಹತ್ತು ಜನರ ಜೊತೆ ಕೂತು ಉಣ್ಣಲಿ ಅಂತ ಊರಿಗೆಲ್ಲಾ ಕಣ್ಣು ಕಟ್ಟುವುದು! ನನಗೆ ನಗು ಬಂತು. ಫೋನಿಟ್ಟ ಮೇಲೆ ನಗು ನಿಂತುಹೋಯಿತು.

ಅತ್ತೆಯದು ಒಂದು ನಿಯಮ. ಊರಿಗೆ ಹೇಳುವ ಮೊದಲು ತಾವು ಮಾಡಿ ನೋಡಬೇಕು. ಆದ್ದರಿಂದ ಹೊಸ ರವಿಕೆ ಖಣವೊಂದನ್ನು ಕಣ್ಣಿಗೆ ಬಿಗಿದುಕೊಂಡು, ನನ್ನ ಹೆಗಲು ಹಿಡಿದು, ಚಂದಾ ಎತ್ತಲು ಸಂಡೂರಿನ ಬಸ್ ಹತ್ತಿದರು. ಕಂಡಕ್ಟರ್ ಬಂದ. ಹೆಂಗಸರಿಗೆ ಪುಕ್ಕಟೆ ಪ್ರಯಾಣ, ಆದರೆ ಗುರುತಿನ ಕಾರ್ಡು ತೋರಿಸಬೇಕಲ್ಲ! ಅವನು ಕಾರ್ಡು ನೋಡಿದ, ಅತ್ತೆಯನ್ನು ನೋಡಿದ, ಮತ್ತೆ ಕಾರ್ಡು ನೋಡಿದ.

"ಅಮ್ಮಾ, ಫೋಟೋದಾಗ ಕಣ್ಣು ಅದಾವ. ಬಟ್ಟಿ ಬಿಚ್ರಿ, ಮಾರಿ ಹೊಂದಸಿ ನೋಡಬೇಕು."

"ಸಂಡೂರು ಬರೋತನ ಬಿಚ್ಚಂಗಿಲ್ಲಪಾ, ಆಣಿ ಮಾಡೀನಿ."

"ಹಂಗಾರ ಟಿಕೆಟ್ ತಗೋರಿ."

"ಕೊಡು. ನಿನ್ನ ಬಸ್ಸಿಗೆ ನಾನೇನು ಭಾರ ಅಲ್ಲ."

ಹೀಗೆ ಆ ಬಸ್ಸಿನಲ್ಲಿ ದುಡ್ಡು ಕೊಟ್ಟು ಕೂತ ಏಕೈಕ ಹೆಂಗಸು ನಮ್ಮತ್ತೆ! ನಾನು ಮುಸಿಮುಸಿ ನಗುತ್ತಿದ್ದೆ. ಬಸ್ಸು ಗುಡ್ಡಗಳ ನಡುವೆ ಹೊಕ್ಕಾಗ ಅವರು ನನ್ನ ಕೈ ಗಟ್ಟಿಯಾಗಿ ಹಿಡಿದು ಪಿಸುಗುಟ್ಟಿದರು. "ಕತ್ತಲಿ ಏನೂ ಅಲ್ಲ ಬಿಡಲೇ. ಯಾರು ನನ್ನ ನೋಡಾಕತ್ಯಾರ ಅಂತ ತಿಳಿಯಂಗಿಲ್ಲ ನೋಡು, ಅದ ಭಾಳ ಕೆಟ್ಟದ್ದು." ಅಷ್ಟು ವರ್ಷ ಮಾವನನ್ನು ನೋಡಿದ್ದರೂ ನನಗೆ ಇದು ಹೊಳೆದಿರಲಿಲ್ಲ.

ಸಂಡೂರಿನಲ್ಲಿ ಮಾವನಿಗೆ ಗೊತ್ತಿದ್ದ ಒಬ್ಬ ಲಾರಿ ಮಾಲೀಕರ ಆಫೀಸು. ಅವರು ಕುರ್ಚಿಯಿಂದ ಏಳದೆಯೇ ನೋಟುಗಳನ್ನು ತೆಗೆದು ಮೇಜಿನ ಮೇಲಿಟ್ಟರು. "ತಗೋರಿ ಅಕ್ಕಾರ. ಊಟಕ್ಕ ಮಾತ್ರ ಬರಾಕ ಆಗಂಗಿಲ್ಲ, ಟೈಮಿಲ್ಲ."

ಅತ್ತೆ ನೋಟುಗಳನ್ನು ಹಿಂದಕ್ಕೆ ತಳ್ಳಿದರು. "ಕಣ್ಣು ಕಟ್ಟಿಸಿಕೊಳ್ಳದವರ ರೊಕ್ಕ ನನಗ ಬ್ಯಾಡ್ರಿ. ಲಾರಿ ಕನ್ನಡಿ ದಿನಾ ಒರಸ್ತೀರಿ, ನಿಮ್ಮ ಕಣ್ಣು ಯಾವಾಗ ತೋರಿಸೀರಿ?"

ಚಂದಾ ಕೇಳಲು ಬಂದವರು ಚಂದಾ ಬೇಡ ಅಂದರೆ ಮನುಷ್ಯ ಏನು ಮಾಡಬೇಕು? ಅವರು ಎದ್ದು ನಿಂತು ಮನೆಮಂದಿಗೆಲ್ಲಾ ಟಿಕೆಟ್ ತಗೊಂಡರು! ಇನ್ನೂ ಕೇಳಿ. ಊಟದ ದಿನ ಹಂಪಿ ರಸ್ತೆಯ ಕಲ್ಯಾಣ ಮಂಟಪದ ಬಾಗಿಲಲ್ಲಿ ಡಾಕ್ಟರು ಈ ಮಾಲೀಕರ ಎಡಗಣ್ಣನ್ನು ಎರಡೆರಡು ಸಲ ನೋಡಿ, "ಒತ್ತಡ ಏರೈತ್ರಿ. ಚಲೋ ಟೈಮಿಗೆ ಬಂದ್ರಿ, ಉಳಸಬಹುದು" ಅಂದರು. ಮನುಷ್ಯ ಬೆವರಿಬಿಟ್ಟರು. ನಾನು ಅತ್ತೆಯ ಕಡೆ ನೋಡಿದೆ. ಅವರು ಹುಗ್ಗಿಗೆ ಬೆಲ್ಲ ಸಾಕೋ ಇಲ್ಲವೋ ಅಂತ ಅಡುಗೆಯವರ ಜೊತೆ ಜಗಳಾಡುತ್ತಿದ್ದರು. ಈ ಹೆಂಗಸಿನ ಕಾಲಿಗೆ ಬೀಳಬೇಕು ಅಂತ ನನಗೆ ಅನ್ನಿಸಿದ್ದು ಅದೇ ಮೊದಲು.

ಮಾವ ಬಂದಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ, ಮುಖದಲ್ಲಿ ಮಾತ್ರ ರಕ್ತವೇ ಇರಲಿಲ್ಲ. ನನ್ನ ಪಕ್ಕ ಕೂತು ಮತ್ತೆ ಮತ್ತೆ ಕೇಳುತ್ತಿದ್ದರು, "ಎಲ್ಲಾರೂ ಕಟ್ಟಿಕೊಂಡಾರಲ್ಲಾ?" ಎಲ್ಲರೂ ಕಟ್ಟಿಕೊಂಡಿದ್ದರು. ಅತ್ತೆ ಸಾಲಿನುದ್ದಕ್ಕೂ ಓಡಾಡಿ ಗಂಟು ಎಳೆದು ಪರೀಕ್ಷೆ ಮಾಡಿದ್ದರು. ಬಾಡಿಗೆ ಬಡಿಸುವವರು ಮಾವನನ್ನು ನೋಡಿ 'ಪಾಪ' ಅಂದಾರು ಅಂತ ಅವರನ್ನೂ ಬೇಡ ಅಂದು, ಓಣಿಯ ಗೆಳತಿಯರ ಕೈಗೆ ಸೌಟು ಕೊಟ್ಟಿದ್ದರು. ಪಾಪ, ಅವರು ಜನ್ಮದಲ್ಲಿ ಪಂಕ್ತಿಗೆ ಬಡಿಸಿದವರಲ್ಲ!

ನಾನೂ ಕಣ್ಣು ಕಟ್ಟಿಸಿಕೊಂಡೆ. ಅಯ್ಯೋ, ಏನು ಗದ್ದಲ! ಎಲ್ಲೋ ಲೋಟ ಉರುಳಿತು. ಯಾರೋ ಉಪ್ಪಿನಕಾಯಿಯನ್ನು ಪಲ್ಯ ಅಂತ ಬಾಯಿ ತುಂಬಾ ಹಾಕಿಕೊಂಡು ಕೆಮ್ಮಿದರು. ನಾನು ಕೋಸಂಬರಿಗೆ ಕೈ ಹಾಕಿದರೆ ಸಿಕ್ಕಿದ್ದು ಬರೀ ಉಪ್ಪು. ಯಾರಿಗೂ ಏನೂ ಸಿಗುತ್ತಿಲ್ಲ, ಎಲ್ಲರೂ ನಗುತ್ತಿದ್ದಾರೆ. ಆಗ ನನ್ನ ಪಕ್ಕದಲ್ಲೇ ಗುಡುಗು ಕೇಳಿಸಿತು.

"ಯಾರಲೇ ಅದು ಎಲಿ ಹಾಕಿದಾವ್ರು? ಇಡೀ ಸಾಲು ತಿರುವಿ ಹಾಕೀರಿ! ತುದಿ ಬಲಕ್ಕೈತಿ!"

ಮಾವ! ತಮ್ಮ ಎಲೆಯ, ಅಕ್ಕಪಕ್ಕದವರ ಎಲೆಯ ನಡುದಂಟಿನ ಮೇಲೆ ಬೆರಳಾಡಿಸಿ ತುದಿ ಎಲ್ಲಿದೆಯೆಂದು ಕಂಡುಹಿಡಿದಿದ್ದರು. ಗೆಳತಿಯರು ಎದುರಿಗೆ ನಿಂತು, ಉಣ್ಣುವವರ ಎಡ ಮರೆತು, ತಮ್ಮ ತಮ್ಮ ಎಡಕ್ಕೆ ತುದಿ ಬರುವಂತೆ ಎಲೆ ಹಾಸಿದ್ದರು. ಕಣ್ಣಿದ್ದ ಅಷ್ಟೂ ಹೆಂಗಸರಿಗೆ ಕಾಣದ್ದು ಮಾವನ ಬೆರಳಿಗೆ ಸಿಕ್ಕಿತ್ತು!

ಆದರೆ ಆ ಗುಡುಗಿಗೆ ಬೆಚ್ಚಿಬಿದ್ದು ಇಡೀ ಮಂಟಪವೇ ಬಟ್ಟೆ ಕಿತ್ತುಕೊಂಡಿತು. ನಾನೂ ಕಿತ್ತೆ. ಎಲ್ಲರ ಕಣ್ಣೂ ಮಾವನ ಮೇಲೆ. ಒಂದು ಪಿಸುಮಾತಿಲ್ಲ. ಅನ್ನದ ಬುಟ್ಟಿ ಹಿಡಿದು ಬರುತ್ತಿದ್ದ ಅತ್ತೆ ನಡುವೆಯೇ ನಿಂತುಬಿಟ್ಟರು. ಅಷ್ಟು ದಿನ ಬಸ್ಸು ಹತ್ತಿ ಇಳಿದು, ಮಂದಿಯ ಕೈಕಾಲು ಹಿಡಿದು ಕಟ್ಟಿದ್ದೆಲ್ಲಾ ಒಂದೇ ಗಳಿಗೆಯಲ್ಲಿ ಬಿಚ್ಚಿಹೋಗಿತ್ತು. ಮಾವ ಈಗ ಏಳುತ್ತಾರೆ, ಕೈ ತೊಳೆಯುತ್ತಾರೆ, ಇನ್ನೆಂದೂ ಬರುವುದಿಲ್ಲ ಅಂದುಕೊಂಡೆ.

ಮಾವ ತಲೆ ಎತ್ತಿ ಆ ಮೌನವನ್ನು ಆಲಿಸಿದರು.

"ಯಾಕ ಸುಮ್ಮನಾದ್ರಿ? ಎಲ್ಲಾರೂ ಬಿಚ್ಚಿಬಿಟ್ರೇನು?"

"ಹೂಂನ್ರಿ" ಅಂದರು ಅತ್ತೆ. ಅವರಿಗೆ ಅಷ್ಟು ಸಣ್ಣ ದನಿಯೂ ಇದೆಯೆಂದು ನನಗೆ ಗೊತ್ತಿರಲಿಲ್ಲ. "ಎಲ್ಲಾರೂ ನಿಮ್ಮನ್ನ ನೋಡಾಕತ್ಯಾರ."

ಮಾವ ಏಳಲು ಹೊರಟವರಂತೆ ಒಂದು ಸಲ ಮುಂದಕ್ಕೆ ಬಾಗಿದರು. ಆಮೇಲೆ ಎರಡೂ ಕೈಯಿಂದ ತಮ್ಮ ಎಲೆಯನ್ನು ಮೆಲ್ಲಗೆ ತಿರುಗಿಸಿ, ತುದಿ ಎಡಕ್ಕೆ ತಂದು, ನೆಟ್ಟಗೆ ಕೂತರು.

"ನೋಡಲಿ ಬಿಡು," ಅಂದರು. "ನೀ ಅನ್ನ ಹಾಕು."

ಅತ್ತೆ ಬಂದು ಬಡಿಸಿದರು. ಅರ್ಧ ಅನ್ನ ಎಲೆಯ ಮೇಲೆ, ಅರ್ಧ ನೆಲದ ಮೇಲೆ ಬಿತ್ತು, ಅಷ್ಟು ಕಣ್ಣೀರು ತುಂಬಿಕೊಂಡಿತ್ತು ಅವರಿಗೆ. ಮಾವ ಅನ್ನ ಕಲಸಿ, ಎಲ್ಲರೂ ನೋಡುತ್ತಿದ್ದಂತೆಯೇ ತುತ್ತು ಬಾಯಿಗಿಟ್ಟುಕೊಂಡರು.