ಮೊಟ್ಟೆ ಕಟ್ಟಿದ ಎಡಗಾಲು

ದಾವಣಗೆರೆಯಲ್ಲಿ ಎಷ್ಟು ಸಾವಿರ ಮನೆಗಳಿದ್ದರೂ, ನಡೆಯಬಾರದ್ದೆಲ್ಲ ವಿಳಾಸ ಕೇಳಿಕೊಂಡು ನಮ್ಮ ಮನೆಗೇ ಬರುತ್ತದೆ. ಬಂದದ್ದು ಸುಮ್ಮನೆ ಹೋಗುವುದೂ ಇಲ್ಲ, ಉಂಡು ಎಲೆ ಅಡಿಕೆ ಹಾಕಿಕೊಂಡೇ ಹೋಗುತ್ತದೆ. ಹಬ್ಬಕ್ಕೆ ಸೇರಿದ ಮಕ್ಕಳು "ದೊಡ್ಡಪ್ಪಾ, ಕಾಲು ಮುರಿದದ್ದು ಹೇಳ್ರಿ" ಎಂದು ಮುತ್ತಿಕೊಳ್ಳುತ್ತವೆ. ಒಂದೊಂದು ಸಲ ಹೇಳಿದಾಗಲೂ ನಾನು ಬಿದ್ದ ಎತ್ತರ ಒಂದೊಂದು ಅಡಿ ಏರುತ್ತದೆ, ಒಪ್ಪುತ್ತೇನೆ. ಆದರೆ ಇದನ್ನು ಬರೆಯುವಾಗ ನನ್ನ ಹೆಂಡತಿ ಪಕ್ಕದಲ್ಲೇ ಕೂತು ಓದುತ್ತಿದ್ದಾಳೆ. ಹಾಗಾಗಿ ಇದರಲ್ಲಿ ಅರ್ಧಕ್ಕಿಂತ ಹೆಚ್ಚು ನಿಜ.

೧. ನಿಂತ ಸ್ಕೂಟರು

ಓಡುವ ಸ್ಕೂಟರಿನಿಂದ ಯಾರು ಬೇಕಾದರೂ ಬೀಳಬಹುದು. ಅದರಲ್ಲಿ ಏನು ಹೆಚ್ಚುಗಾರಿಕೆ? ನಾನು ಸ್ಟ್ಯಾಂಡ್ ಹಾಕಿ ನಿಲ್ಲಿಸಿದ ಸ್ಕೂಟರಿನಿಂದ ಬಿದ್ದವನು. ದಾವಣಗೆರೆ ಜಿಲ್ಲೆಯಾಗಿ ಆಗಿನ್ನೂ ವರ್ಷ ತುಂಬಿರಲಿಲ್ಲ. ಹೊಸ ಜಿಲ್ಲೆಗೆ ಒಂದು ದಾಖಲೆ ಬೇಕಿತ್ತು, ನಾನು ಒದಗಿಸಿದೆ.

ಎಂ.ಸಿ.ಸಿ. ಬಿ ಬ್ಲಾಕಿನ ನಮ್ಮ ಮನೆಯಿಂದ ಒಂದು ಮದುವೆ ಊಟಕ್ಕೆ ಹೊರಟಿದ್ದೆವು. ಹೆಂಡತಿ ಒಳಗಿನಿಂದ "ಎರಡೇ ನಿಮಿಷ ರೀ, ಬಂದೆ" ಎಂದಳು. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದವನಿಗೆ ಆ ಎರಡು ನಿಮಿಷದ ಉದ್ದ ಗೊತ್ತಿರುತ್ತದೆ. ಸ್ಕೂಟರಿನ ಮೇಲೆ ಕೂತೆ. ಎಳೆ ಬಿಸಿಲು ಹಿತವಾಗಿತ್ತು, ಕಣ್ಣು ಹತ್ತಿತು. ಕನಸಿನಲ್ಲಿ ಆಗಲೇ ಪಂಕ್ತಿಯಲ್ಲಿ ಕೂತಿದ್ದೆ. ಹೋಳಿಗೆ ಬಡಿಸುವವನು ನನ್ನ ಎಲೆ ಬಿಟ್ಟು ಮುಂದೆ ಹೋದ. ಇಂಥ ಅನ್ಯಾಯ ನಾನು ಸಹಿಸುವವನಲ್ಲ. ಅವನ ಕೈ ಹಿಡಿಯಲು ಎಡಕ್ಕೆ ಬಾಗಿದೆ. ಸ್ಕೂಟರೂ ನನ್ನ ಜೊತೆ ಬಾಗಿ, ನನ್ನ ಎಡಗಾಲಿನ ಮೇಲೆ ಮಲಗಿತು.

ಡಾಕ್ಟರು ಎಕ್ಸ್‌ರೇ ನೋಡಿ, "ಎಲುಬು ಬಿರುಕು ಬಿಟ್ಟಿದೆ, ಪ್ಲಾಸ್ಟರ್ ಹಾಕಬೇಕು, ಆರು ವಾರ ಏಳುವ ಹಾಗಿಲ್ಲ" ಎಂದರು. ಆದರೆ ಹದಿನೆಂಟನೇ ದಿನಕ್ಕೆ ಹರಿಹರದಿಂದ ನಮ್ಮ ಮಗಳನ್ನು ನೋಡಲು ಬರುವವರಿದ್ದರು. ಅವರ ಮನೆಯ ಅಯ್ಯನವರು ಪಂಚಾಂಗ ನೋಡಿ ಗೊತ್ತು ಮಾಡಿದ ದಿನ, ಬದಲಾಯಿಸುವ ಹಾಗಿಲ್ಲ. ಬಹಳ ಆಚಾರದ ಮನೆತನ ಬೇರೆ. ನಾಲ್ಕು ಗಂಡುಗಳ ಫೋಟೊ ನೋಡಿ ನಾಲ್ಕು ತಪ್ಪು ಹುಡುಕಿದ್ದ ನನ್ನ ಮಗಳು ಈ ಐದನೇ ಫೋಟೊ ನೋಡಿ ಸುಮ್ಮನಾಗಿದ್ದಳು. ಆಕೆ ಸುಮ್ಮನಾಗುವುದೆಂದರೆ ಒಪ್ಪಿದಂತೆ. ಅಂಥ ಸಂಬಂಧದವರ ಮುಂದೆ ಹೆಣ್ಣಿನ ಅಪ್ಪ ಮಂಚದ ಮೇಲೆ ಅಂಗಾತ ಮಲಗಿರುವುದೇ?

ಹೆಂಡತಿಯ ಚಿಂತೆಯೇ ಬೇರೆ. "ಅಲ್ರೀ, ಹೆಂಗೆ ಬಿದ್ರು ಅಂತ ಅವ್ರು ಕೇಳಿದ್ರೆ ಏನು ಹೇಳಾನ? ಇನ್ನೂ ಸ್ಟಾರ್ಟೇ ಮಾಡಿರ್ಲಿಲ್ವಲ್ರೀ!"

೨. ಬ್ರೆಡ್ಡು, ಮೋಸಂಬಿ, ಮತ್ತೊಂದು

ನಮ್ಮ ಕಡೆ ಕಾಲು ಮುರಿದವನ ಮನೆಗೆ ಬರಿಗೈಯಲ್ಲಿ ಯಾರೂ ಬರುವುದಿಲ್ಲ. ಒಂದು ಪೌಂಡು ಬ್ರೆಡ್ಡು, ಆರು ಮೋಸಂಬಿ, ಜೊತೆಗೆ 'ಹಂಗ್ ಮಾಡಿದ್ರೆ ಹಿಂಗ್ ಆಗ್ತಿರ್ಲಿಲ್ಲ' ಎನ್ನುವುದೊಂದನ್ನು ತಂದೇ ತರುತ್ತಾರೆ. ಬ್ರೆಡ್ಡು, ಮೋಸಂಬಿ ಖಾಲಿಯಾಗುತ್ತವೆ. ಮೂರನೆಯದು ಖಾಲಿಯಾಗುವುದಿಲ್ಲ.

ಪಕ್ಕದ ಮನೆಯ ಅಜ್ಜ ಹೇಳಿದ: "ಸ್ಕೂಟರ್ ಮುಖ ಮೂಡಲಕ್ಕೆ ಮಾಡಿ ನಿಲ್ಸಿದ್ರೆ ಕಣ್ಣಿಗೆ ಬಿಸಿಲು ಹೊಡೆದು ನಿದ್ದೇನೇ ಬರ್ತಿರ್ಲಿಲ್ಲ ನೋಡು."

ಮಂಡಿಪೇಟೆಯಲ್ಲಿ ನಮ್ಮದು ಬೆಲ್ಲದ ಸಗಟು ಅಂಗಡಿ. ಅಲ್ಲಿನ ಪಾಲುದಾರ ಹೇಳಿದ: "ಆವತ್ತು ಅಂಗಡಿಗೆ ಬಂದಿದ್ರೆ ಏನೂ ಆಗ್ತಿರ್ಲಿಲ್ಲ. ಇಲ್ಲಿ ನೀ ಬೆಲ್ಲದ ಮೂಟಿ ಮ್ಯಾಲೆ ಮಲಗ್ತೀಯ. ಅದು ಬೀಳಲ್ಲ."

ನಮ್ಮವ್ವ ಇವರೆಲ್ಲರನ್ನೂ ಮೀರಿಸಿ ಒಂದೇ ಏಟಿಗೆ ಇಪ್ಪತ್ತೆರಡು ವರ್ಷ ಹಿಂದಕ್ಕೆ ಹೋದಳು. "ಅವತ್ತೇ ಬಡ್ಕಂಡೆ, ಆವರಗೆರೆ ಹೆಣ್ಣು ಮಾಡ್ಕ್ಯಳೋ ಅಂತ. ಆಕಿ ಬಾಳ ಚುರುಕು. ಎರಡು ನಿಮಿಷ ಅಂದ್ರೆ ಎರಡೇ ನಿಮಿಷ. ಆಕಿ ಬಂದಿದ್ರೆ ನೀ ತೂಕಡಿಸ್ತಿರ್ಲಿಲ್ಲ, ಕಾಲು ಮುರೀತಿರ್ಲಿಲ್ಲ."

ನನ್ನ ಹೆಂಡತಿ ಅಲ್ಲೇ ಮೋಸಂಬಿ ಸುಲಿಯುತ್ತಿದ್ದಳು. ತಲೆ ಎತ್ತದೆ ಹೇಳಿದಳು: "ಖರೆ ಐತಿ ಅತ್ತಿ. ಆಕಿ ಬಾಳ ಚುರುಕು. ಇವ್ರು ಹೆಣ್ಣು ನೋಡಾಕೆ ಹೋದಾಗ ಎರಡೇ ನಿಮಿಷಕ್ಕೆ ಬ್ಯಾಡ ಅಂದ್ಲಂತಲ್ಲ."

೩. ಹೊಸ್ತಿಲಾಚೆಯ ಕಾಲು

ಆರು ವಾರದ ಪ್ಲಾಸ್ಟರು ಬೇಡವೆಂದು ಹಳೇ ಪೇಟೆಯಿಂದ ಎಲುಬು ಕಟ್ಟುವ ಚಾಚಾರನ್ನು ಕರೆಸಿದೆವು. ಬಿಳಿ ಗಡ್ಡ, ಗಟ್ಟಿ ಬೆರಳು. ಅವರು ನನ್ನ ಕಾಲಿನ ಬಳಿ ಕೂತ ತಕ್ಷಣ ನಾನು "ಅಯ್ಯಪ್ಪೋ!" ಎಂದು ಓಣಿಗೆಲ್ಲ ಕೇಳುವಂತೆ ಕಿರುಚಿದೆ. "ಸಾವ್ಕಾರ್ರೆ," ಎಂದರು ಚಾಚಾ, "ನಾನಿನ್ನೂ ಮುಟ್ಟಿಲ್ಲ. ಬರೀ ಪಂಚೆ ಸರಿಸೀನಿ."

ಆಮೇಲೆ ನಿಜವಾಗಿ ಮುಟ್ಟಿ ನೋಡಿ ಹೇಳಿದರು: "ಇಪ್ಪತ್ತೊಂದು ದಿನ ಸಾಕು. ಹದಿನೆಂಟನೇ ದಿನ ಕೋಲು ಹಿಡ್ದು ನಿಲ್ಲಂಗೆ ಮಾಡ್ತೀನಿ. ಆದ್ರೆ ಇಪ್ಪತ್ತೊಂದರ ತನಕ ಕಟ್ಟು ಬಿಚ್ಚಂಗಿಲ್ಲ, ಬಿಚ್ಚಿದ್ರೆ ಕಾಲು ಸೊಟ್ಟ ಕೂಡ್ತೈತೆ. ಈಗ ನಾಲ್ಕು ಮೊಟ್ಟೆ ತರಿಸ್ರಿ."

ಹೆಂಡತಿ ಎದ್ದು ಬೀದಿ ಬಾಗಿಲು ಮುಂದೆ ಮಾಡಿದಳು. ನಮ್ಮದು ತಲೆತಲಾಂತರದಿಂದ ಲಿಂಗ ಕಟ್ಟಿದ ಮನೆ. ಕೋಳಿ ಬೆಳಿಗ್ಗೆ ಕೂಗುತ್ತದೆ, ನಾವು ಏಳುತ್ತೇವೆ. ಕೋಳಿಗೂ ನಮಗೂ ಅಷ್ಟೇ ಸಂಬಂಧ. ಚಾಚಾ ಬಿಡಿಸಿ ಹೇಳಿದರು. ಮೊಟ್ಟೆಯ ಲೋಳೆಯಲ್ಲಿ ಬಟ್ಟೆ ಅದ್ದಿ, ಬಿದಿರಿನ ದಬ್ಬೆ ಇಟ್ಟು ಸುತ್ತಿದರೆ ಒಣಗಿ ಕಲ್ಲಿನಂತಾಗುತ್ತದಂತೆ. ಅವ್ವ ಮಠಕ್ಕೆ ಹೋಗಿದ್ದಳು. ಮಗಳು ಓಡಿಹೋಗಿ ಚೀಲದಲ್ಲಿ ಕೊತ್ತಂಬರಿ ಸೊಪ್ಪಿನ ಕೆಳಗೆ ಮೊಟ್ಟೆ ಬಚ್ಚಿಟ್ಟು ತಂದಳು. "ಅಪ್ಪಾ, ಹರಿಹರದೋರಿಗೆ ಗೊತ್ತಾದ್ರೆ ಮುಗೀತು," ಎಂದಳು. ಅವಳ ಕಣ್ಣಲ್ಲಿ ನೀರಿತ್ತು. ನಾನು ಎದೆ ತಟ್ಟಿ, "ನಾ ಇಲ್ವೇನವ್ವಾ? ಗೊತ್ತಾಗದಂಗೆ ನೋಡ್ಕಂತೀನಿ" ಎಂದೆ. ಎದೆ ತಟ್ಟಿದ್ದಕ್ಕೆ ಕಾಲು ನೋವಾಯಿತು.

ಮಠದಿಂದ ಬಂದ ಅವ್ವ ಬಾಗಿಲಲ್ಲೇ ಮೂಗು ಅರಳಿಸಿದಳು. "ಲಿಂಗ ಕಟ್ಟಿದ ಮೈಗೆ ಮೊಟ್ಟಿ ಬಳಕಂಡೀಯಲ್ಲೋ!"

"ಅವ್ವಾ, ಲಿಂಗ ಎದಿ ಮ್ಯಾಲೈತೆ, ಮೊಟ್ಟಿ ಮೊಣಕಾಲ ಕೆಳಗೈತೆ. ನಡುವೆ ಎರಡೂವರೆ ಅಡಿ ಜಾಗ ಐತಲ್ಲ."

ಅವ್ವ ನ್ಯಾಯಾಧೀಶರ ಹಾಗೆ ತೀರ್ಪು ಕೊಟ್ಟಳು. "ಔಷಧ ಅಂದ್ರೆ ಹೊಟ್ಟಿಗೆ ಹಾಕ್ಕಂತೀನಿ. ಆದ್ರೆ ಒಳಮನಿಗೆ ನೀ ಬಾ, ಆ ಕಾಲು ಬರಂಗಿಲ್ಲ."

ಅಂದಿನಿಂದ ಪೂಜೆ, ಊಟ ಎಲ್ಲ ಹೀಗೆಯೇ ನಡೆಯಿತು. ಬಾಗಿಲಿಗೆ ಅಡ್ಡ ಕೂತ ನಾನು ಒಳಮನೆಯಲ್ಲಿ, ಕಾಲು ಹೊಸ್ತಿಲಾಚೆ ಪಡಸಾಲೆಯಲ್ಲಿ. ಒಂದು ಮಧ್ಯಾಹ್ನ ಪಕ್ಕದ ಮನೆಯ ಅಜ್ಜ ಪಡಸಾಲೆಗೆ ಬಂದ. ಅವನಿಗೆ ಕಂಡದ್ದು ಕಾಲೊಂದೇ. ಭಕ್ತಿಯಿಂದ ಅದರ ಬಳಿ ಮೋಸಂಬಿ ಇಟ್ಟು, "ಹೆಂಗೈತಪ್ಪಾ ಈಗ?" ಎಂದ.

ಒಳಗೆ ಮುದ್ದೆ ಮುರಿಯುತ್ತಿದ್ದವನು ಕೂಗಿ ಹೇಳಿದೆ: "ಕಾಲು ಆರಾಮ್ ಐತೆ ಅಜ್ಜಾ. ಉಳಿದೋನು ಒಳಗೆ ಉಣ್ತಿದಾನೆ."

೪. ಮಂಚದ ಮೇಲಿನ ಇತಿಹಾಸ

ಮಲಗಿದವನಿಗೆ ಎರಡೇ ಕೆಲಸ. ಒಂದು ಸೂರು ನೋಡುವುದು, ಇನ್ನೊಂದು ಇತಿಹಾಸ ತಿದ್ದುವುದು. ನೀರು, ಚಹ ಬೇಕಾದರೆ ಬಾರಿಸಲೆಂದು ಹೆಂಡತಿ ಹಳೆಯ ಎತ್ತಿನ ಕೊರಳ ಗಂಟೆಯೊಂದನ್ನು ಮಂಚಕ್ಕೆ ಕಟ್ಟಿದ್ದಳು. ನಾನು ಇತಿಹಾಸದಲ್ಲಿ ತಪ್ಪು ಕಂಡಾಗಲೆಲ್ಲ ಅದನ್ನು ಬಾರಿಸಿದೆ.

ಢಣ್! "ಏನ್ರೀ?" "ಲೇ, ಇಂಗ್ಲಿಷರು ಸಮುದ್ರದ ದಂಡಿ ಬಿಟ್ಟು ಮೊದ್ಲು ಮಂಡಿಪೇಟೆಗೆ ಬಂದಿದ್ರೆ ಏನಾಗ್ತಿತ್ತು ಗೊತ್ತಾ? ನಮ್ಮೋರು ಟವೆಲ್ ಒಳಗೆ ಕೈ ಹಾಕಿ ಬೆರಳು ಹಿಡಿದು ದರ ಮಾತಾಡ್ತಿದ್ರು. ಅವ್ರಿಗೆ ಅರ್ಥ ಆಗದೆ, ನಾಚಿಕಿ ಆಗಿ, ಹಡಗು ಹತ್ತಿ ವಾಪಸ್ ಹೋಗ್ತಿದ್ರು. ಸ್ವಾತಂತ್ರ್ಯ ಕಳ್ಕಳೋ ಪ್ರಸಂಗಾನೇ ಇರ್ಲಿಲ್ಲ."

ಢಣ್! "ಈಗೇನು?" "ರಾಜ್ಯದ ನಟ್ಟನಡುವೆ ಇರೋ ಊರು ನಮ್ಮದು. ರಾಜಧಾನಿ ಇಲ್ಲೇ ಮಾಡಿದ್ರೆ, ವಿಧಾನಸೌಧ ಆವರಗೆರೆ ಹತ್ರ ಕಟ್ಟಿದ್ರೆ, ಸರ್ಕಾರಗಳು ಬೀಳ್ತಾನೇ ಇರ್ಲಿಲ್ಲ. ಬೆಳಿಗ್ಗೆ ಬೆಣ್ಣೆದೋಸೆ ತಿಂದೋನು ಎದ್ದು ಇನ್ನೊಂದು ಪಕ್ಷಕ್ಕೆ ಹೋಗೋದು ಸಾಧ್ಯಾನೇನೇ?"

ಮೂರನೇ ದಿನ ಸಂಜೆ ಒಂದು ಮಹತ್ವದ ವಿಷಯ ಹೊಳೆದು ಬಾರಿಸಿದೆ. ಸದ್ದಿಲ್ಲ. ಇನ್ನೂ ಜೋರಾಗಿ ಬಾರಿಸಿದೆ. ಉಹೂಂ. ಬಗ್ಗಿ ನೋಡಿದರೆ ಗಂಟೆಯ ನಾಲಿಗೆಯೇ ಇಲ್ಲ.

"ಬಿಚ್ಚಿಟ್ಟೀನಿ," ಎಂದಳು ಹೆಂಡತಿ ಅಡುಗೆಮನೆಯಿಂದ. "ಒಂದು ಮಂಚಕ್ಕೆ ಎರಡು ನಾಲಿಗೆ ಬ್ಯಾಡ ಅಂತ."

೫. ಹರಿಹರದವರು

ಹದಿನೆಂಟನೇ ದಿನ ಬಂತು. ಚಾಚಾ ಹೇಳಿದಂತೆ ಕೋಲು ಹಿಡಿದು ನಿಂತೆ, ಕಟ್ಟು ಕಾಣದಂತೆ ಪಂಚೆ ಇಳಿಬಿಟ್ಟೆ. ಆದರೆ ಆ ಬಿಸಿಲಿಗೆ ಹದಿನೆಂಟು ದಿನದ ಮೊಟ್ಟೆ ಏನಾಗಿರುತ್ತದೆ, ನೀವೇ ಯೋಚಿಸಿ. ಸಂಬಂಧ ತಂದವರು ಮೊದಲೇ ಎಚ್ಚರಿಸಿದ್ದರು. ಹುಡುಗನ ಅಪ್ಪ ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಹೇಳಿ ನಿವೃತ್ತರಾದವರು. ತಂಗಿಯ ಮನೆಯಲ್ಲಿ ಮೊಟ್ಟೆ ಹಾಕಿದ ಕೇಕು ತಂದರೆಂದು ಆರು ತಿಂಗಳು ಅಲ್ಲಿ ನೀರು ಕುಡಿಯದವರು.

ಹೆಂಡತಿ ಮೂರು ಪಾಕೀಟು ಊದುಬತ್ತಿ ಒಟ್ಟಿಗೆ ಹಚ್ಚಿದಳು. ಹರಿಹರದವರು ಒಳಗೆ ಬಂದಾಗ ನಾಟಕದಲ್ಲಿ ದೇವತೆಗಳು ಪ್ರತ್ಯಕ್ಷವಾದಂತೆ ಹೊಗೆಯ ನಡುವಿನಿಂದ ಒಬ್ಬೊಬ್ಬರೇ ಕಾಣಿಸಿಕೊಂಡರು. "ಬರ್ರಿ, ಕೂಡ್ರಿ" ಎಂದೆ. ಅಪ್ಪ, ಅಮ್ಮ, ಹುಡುಗ ಕೆಮ್ಮುತ್ತ ಕೂತರು. ಮಂಡಕ್ಕಿ, ಮಿರ್ಚಿ ಬಂತು. ಮಗಳು ಚಹ ಕೊಟ್ಟಳು. ಹುಡುಗ ಹುಡುಗಿ ಹತ್ತು ನಿಮಿಷ ಮಾತಾಡಲಿ ಎಂದು ಇಬ್ಬರನ್ನೂ ಹಿತ್ತಲಿಗೆ ಕಳಿಸಿದೆವು.

ಮೇಷ್ಟ್ರು ಮೂಗು ಮೇಲೆತ್ತಿ, "ಏನೋ ಒಂಥರಾ ವಾಸ್ನೆ ಬರ್ತೈತಲ್ರಿ?" ಎಂದರು.

ಅವ್ವ ಶಿವನ ನೆನೆದಳು. ಹೆಂಡತಿ ನನ್ನನ್ನು ನೋಡಿದಳು. ಮಾತು ತಿರುಗಿಸುವುದರಲ್ಲಿ ಈ ಜಿಲ್ಲೆಯಲ್ಲಿ ನನ್ನನ್ನು ಮೀರಿಸಿದವರಿಲ್ಲ. ಥಟ್ಟನೆ ಕೇಳಿದೆ: "ಮೇಷ್ಟ್ರೇ, ನೀವು ಇತಿಹಾಸ ಓದಿದೋರು. ರಾಜಧಾನಿ ದಾವಣಗೆರೆಗೆ ಬಂದಿದ್ರೆ ಹೆಂಗಿರ್ತಿತ್ತು?"

ಅವರ ಮೂಗು ಕೆಳಗಿಳಿಯಿತು, ಹುಬ್ಬು ಮೇಲೇರಿತು. "ದಾವಣಗೆರೆಗೆ ಯಾಕ್ರಿ? ಬರೋದಾದ್ರೆ ಹರಿಹರಕ್ಕೆ ಬರಬೇಕು. ಹೊಳಿ ಐತೆ, ಗುಡಿ ಐತೆ. ನಿಮ್ಮೂರಿಗೆ ಬಂದ ಮಂತ್ರಿಗಳು ಏನು ಕುಡೀತಾರೆ, ಮಿರ್ಚಿ ಕರಿದ ಎಣ್ಣೀನಾ?"

ಅಲ್ಲಿಗೆ ನಾನು ಸುಮ್ಮನಾಗಬೇಕಿತ್ತು. ಆದರೆ ಊರಿನ ಮರ್ಯಾದೆ ಪ್ರಶ್ನೆ. "ನಿಮ್ಮೂರಾಗ ಮಂತ್ರಿಗಳು ಎಲ್ಲಿ ಕೂಡ್ತಾರ್ರಿ, ಹೊಳಿ ಮೆಟ್ಲ ಮ್ಯಾಲಾ? ಮಳಿಗಾಲದಾಗ ನೆರೆ ಬಂದ್ರೆ ಸರ್ಕಾರಾನೇ ತೇಲಿ ಹೋಗ್ತೈತೆ!"

"ನೀವು ದಿನಾ ಕುಡಿಯೋ ನೀರು ನಮ್ಮ ಹೊಳೀದು, ನೆನಪಿರ್ಲಿ!"

"ನೀರು ಕೊಟ್ಟ ಮಾತ್ರಕ್ಕೆ ವಿಧಾನಸೌಧ ಕೊಡಾಕಾಗಲ್ರಿ!" ಎಂದು ಕೋಲನ್ನು ನೆಲಕ್ಕೆ ಕುಟ್ಟಿದೆ. ಕಾಲು ಅಲುಗಿತು. ಊದುಬತ್ತಿಯ ಹೊಗೆ ಸೀಳಿಕೊಂಡು ಮೊಟ್ಟೆಯ ವಾಸನೆ ಮುಂದೆ ನುಗ್ಗಿತು. ಅಷ್ಟರಲ್ಲಿ ಮೇಷ್ಟ್ರು ವಾಸನೆ ಹಿಡಿಯುವ ಸ್ಥಿತಿಯಲ್ಲಿರಲಿಲ್ಲ. ಶಲ್ಯ ಕೊಡವಿ ಎದ್ದರು. "ಏಳೇ, ಹೋಗಾಣ. ಇಲ್ಲದ ರಾಜಧಾನೀನೇ ಬಿಟ್ಟುಕೊಡದೋರು ಇರೋ ಮಗಳನ್ನ ಹೆಂಗೆ ಕೊಡ್ತಾರೆ?"

ಮೊಟ್ಟೆಯ ವಾಸನೆಯಿಂದ ಪಾರು ಮಾಡಿದ ಸಂಬಂಧವನ್ನು ನಾನೇ ವಿಧಾನಸೌಧ ಎತ್ತಿ ಹಾಕಿ ಕೊಂದಿದ್ದೆ.

ಆಗ ಹುಡುಗ ಹಿತ್ತಲಿನಿಂದ ಒಳಗೆ ಬಂದ. ಮುಖ ತುಂಬ ನಗು. "ಅಪ್ಪಾಜಿ, ನನಗೆ ಒಪ್ಗಿ ಐತೆ. ಮಾಡ್ಕಂಡ್ರೆ ಇದೇ ಮನಿ ಹೆಣ್ಣು," ಎಂದ.

ಮೇಷ್ಟ್ರು ನಿಂತಲ್ಲೇ ತಡವರಿಸಿದರು. "ಅಲ್ಲೋ, ರಾಜಧಾನಿ..."

ಅವರ ಹೆಂಡತಿ ಶಲ್ಯ ಹಿಡಿದು ಜಗ್ಗಿ ಕೂರಿಸಿದರು. "ರಾಜಧಾನಿ ಎರಡೂ ಊರಿನ ನಡುವೆ ಎಲ್ಲಾದ್ರೂ ಇಟ್ಕಳ್ರಿ. ಸುಮ್ನೆ ಸಕ್ರಿ ತಗಳ್ರಿ." ಸಕ್ಕರೆ ಹಂಚಿದರು, ತಾಂಬೂಲ ಬದಲಾಯಿತು. ಮೇಷ್ಟ್ರು ನನಗೆ ವೀಳ್ಯ ಕೊಡುವಾಗಲೂ "ಹೊಳಿ ಮಾತ್ರ ನಮ್ದು" ಎಂದರು. ನಾನು ಹೂಂ ಎಂದೆ. ಮಗಳಿಗಾಗಿ ನಾನು ಮಾಡಿದ ಅತಿ ದೊಡ್ಡ ತ್ಯಾಗ ಅದೇ.

ಅವರ ಟ್ಯಾಕ್ಸಿ ತಿರುವು ದಾಟಿದ ಮೇಲೆ ಎಲ್ಲರೂ ಮಗಳನ್ನು ಸುತ್ತುವರಿದೆವು. "ಏನೇ ಹೇಳಿದೆ ಆ ಹುಡುಗಂಗೆ? ಅಷ್ಟು ಖುಷಿಯಾಗಿ ಬಂದ?"

ಮಗಳು ಸೆರಗು ಬಾಯಿಗಿಟ್ಟು ನಕ್ಕಳು. "ಅವ್ರು ಹಿತ್ಲಿಗೆ ಬಂದ ತಕ್ಷಣ, 'ನಿಮ್ಮನ್ಯಾಗ ಮೊಟ್ಟೆ ವಾಸ್ನೆ ಬರ್ತೈತಲ್ಲ?' ಅಂದ್ರು. ಸುಳ್ಳು ಯಾಕೆ ಅಂತ, ಅಪ್ಪನ ಕಾಲಿನ ಕಟ್ಟಿಗೆ ನಾನೇ ತಂದಿದ್ದು ಅಂದೆ. ಅದಕ್ಕೆ ಅವ್ರು, 'ಹಾಸ್ಟೆಲ್‌ನಾಗ ದಿನಾ ಆಮ್ಲೆಟ್ ತಿಂತಿದ್ದೆ, ಊರಿಗೆ ಬಂದು ಮೂರು ವರ್ಷ ಆತು, ವಾಸ್ನೇನೂ ಕಂಡಿಲ್ಲ. ನಮ್ಮನ್ಯಾಗ ಹೆಸ್ರು ಎತ್ತಂಗಿಲ್ಲ. ಅತ್ತಿ ಮನಿಗೆ ಬಂದಾಗಾದ್ರೂ ಒಂದು ಸಿಕ್ರೆ ಸಾಕು' ಅಂದ್ರು."

ಎಲ್ಲರೂ ಗಾಬರಿಯಿಂದ ಅವ್ವನ ಕಡೆ ನೋಡಿದೆವು. ಅವ್ವ ಎಲೆಗೆ ಸುಣ್ಣ ಸವರಿ ಬಾಯಿಗಿಟ್ಟುಕೊಂಡಳು.

"ಅಡಿಗಿಮನಿಗೆ ಮೊಟ್ಟಿ ಬರಂಗಿಲ್ಲ," ಎಂದಳು. "ಔಷಧಕ್ಕಾದ್ರೆ ಮನಿಗೆ ತರಬಹುದು." ಆಮೇಲೆ ನನ್ನ ಕಡೆ ತಿರುಗಿ, ಎಂದೂ ಇಲ್ಲದ ಅಕ್ಕರೆಯಿಂದ ಹೇಳಿದಳು: "ಅಳಿಯ ಹಬ್ಬಕ್ಕೆ ಬರೋ ಹಿಂದಿನ ದಿನ ಮರೀದಂಗೆ ಬಲಗಾಲು ಮುರ್ಕಳಪ್ಪಾ."